ಎರಡು ಗೆರೆ ಕಂಡ ದಿನವೇ ಔಷಧಿ ನಿಲ್ಲಿಸಿಬಿಟ್ಟೆ. ಇಯೊಸಿನೋಫಿಲಿಕ್ ಈಸೋಫೇಜೈಟಿಸ್ (ಅನ್ನನಾಳ ಊದಿ ತುತ್ತು ಸಿಕ್ಕಿಕೊಳ್ಳೋ ಕಾಯಿಲೆ) ಇಟ್ಟುಕೊಂಡು ಬಸುರಿಯಾದವರು ಯಾರಾದ್ರೂ ಇದ್ದೀರಾ?

ನಿಧಾನದೂಟ:

ಮೊದಲೇ ಹೇಳಿಬಿಡ್ತೀನಿ, ಇದು ಉದ್ದ ಇದೆ. ನಾನು ಊಟಕ್ಕೂ ನಿಧಾನ, ಮಾತಿಗೂ ನಿಧಾನ.

ವಯಸ್ಸು 32, ನಾಲ್ಕನೇ ತರಗತಿಗೆ ಪಾಠ ಮಾಡ್ತೀನಿ. ಚಿಕ್ಕವಳಿದ್ದಾಗ ಮನೆಯವರೆಲ್ಲ ಎದ್ದು ಕೈ ತೊಳೆದ ಮೇಲೂ ತಟ್ಟೆ ಮುಂದೆ ಕೂತಿರ್ತಿದ್ದವಳು ನಾನೊಬ್ಬಳೇ. ಉಣ್ಣೋಕೂ ಸೋಮಾರಿತನ ಅಂತ ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ತುತ್ತಿಗೊಂದು ಗುಟುಕು ನೀರು ಬೇಕಾಗೋದು ಎಲ್ಲರಿಗೂ ಇರೋದೇ ಅಂತ ನಾನೂ ತಿಳ್ಕೊಂಡಿದ್ದೆ. ನಾಲ್ಕು ವರ್ಷದ ಹಿಂದೆ ಒಣ ಬ್ರೆಡ್ಡಿನ ತುಣುಕೊಂದು ಎದೆಯ ನಡುಮಧ್ಯೆ ನಿಂತುಬಿಡ್ತು. ಮೇಲೂ ಬರಲ್ಲ, ಕೆಳಗೂ ಇಳಿಯಲ್ಲ. ಐದು ಗಂಟೆ ಹೊತ್ತು ಸ್ವಂತ ಎಂಜಲು ನುಂಗೋಕೂ ಆಗದೆ ಬಟ್ಟಲಿಗೆ ಉಗುಳ್ತಾ ಕೂತಿದ್ದೆ. ಎಂಡೋಸ್ಕೋಪಿ ಮಾಡಿ ತೆಗೆದರು. ಅನ್ನನಾಳದ ಒಳಗೆ ಬಳೆ ಜೋಡಿಸಿಟ್ಟ ಹಾಗೆ ಉಂಗುರ ಉಂಗುರ, ಉದ್ದಕ್ಕೆ ಉತ್ತ ನೆಲದ ಹಾಗೆ ಸಾಲು. ಫೋಟೋ ಇನ್ನೂ ಫೈಲಲ್ಲಿದೆ. ಬಯಾಪ್ಸಿಯಲ್ಲಿ ಇಯೊಸಿನೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಮೈಕ್ರೋಸ್ಕೋಪಿನ ಒಂದು ನೋಟಕ್ಕೆ 42. ಹದಿನೈದು ದಾಟಿದರೆ ಈ ಕಾಯಿಲೆ ಅಂತಾರೆ ಅಂತ ಆಮೇಲೆ ಗೊತ್ತಾಯ್ತು.

ಅಂದಿನಿಂದ ಬ್ಯುಡೆಸೊನೈಡ್ ಅನ್ನೋ ಸ್ಟೀರಾಯ್ಡ್. ಆಸ್ತಮಾದವರು ನೆಬ್ಯುಲೈಸರಲ್ಲಿ ಎಳ್ಕೊಳ್ಳೋ ಅದೇ ಔಷಧಿ, ಅದೇ ಪ್ಲಾಸ್ಟಿಕ್ ಪುಟಾಣಿ ರೆಸ್ಪ್ಯೂಲ್. ನಾನು ಅದನ್ನು ಜೇನುತುಪ್ಪದಲ್ಲಿ ಕಲಸಿ ಗಟ್ಟಿ ಮಾಡಿ ಬೆಳಿಗ್ಗೆ ರಾತ್ರಿ ನೆಕ್ಕಿ ನುಂಗ್ತೀನಿ. ಆಮೇಲೆ ಅರ್ಧ ಗಂಟೆ ನೀರೂ ಇಲ್ಲ. ಹತ್ತು ವಾರಕ್ಕೆ ಮತ್ತೆ ನೋಡಿದಾಗ 42 ಇದ್ದದ್ದು 4ಕ್ಕೆ ಇಳಿದಿತ್ತು. ಮೂರು ವರ್ಷ ನಾನು ಬೇರೆಯವರ ಹಾಗೆ ಊಟ ಮಾಡಿದೀನಿ. ಅದೆಂಥ ಸುಖ ಅಂತ ಗೊತ್ತಿರೋದು ನಮ್ಮಂಥವರಿಗೆ ಮಾತ್ರ.

ಈಗ ವಿಷಯಕ್ಕೆ ಬರ್ತೀನಿ. ನಾನೀಗ 11 ವಾರದ ಬಸುರಿ. ಐದನೇ ವಾರದಲ್ಲಿ ಟೆಸ್ಟ್ ಮಾಡಿದಾಗ ಎರಡು ಗೆರೆ ಕಂಡಿತು. ಅವತ್ತೇ ರಾತ್ರಿ ರೆಸ್ಪ್ಯೂಲ್ ಡಬ್ಬಿ ಎತ್ತಿ ಅಟ್ಟಕ್ಕೆ ಹಾಕಿದೆ. ಯಾರೂ ಹಾಕು ಅಂದಿರಲಿಲ್ಲ. 'ಸ್ಟೀರಾಯ್ಡ್' ಅನ್ನೋ ಪದವನ್ನು ಅವತ್ತು ಮೊದಲ ಸಲ ನಿಜವಾಗಿ ಓದಿದ ಹಾಗಾಯ್ತು.

ಮೂರು ವಾರ ಏನೂ ಆಗಲಿಲ್ಲ. ಆಮೇಲೆ ಶುರುವಾಯ್ತು. ಮೊದಲು ನೀರಿನ ಲೋಟ ಹತ್ತಿರಕ್ಕೆ ಬಂತು. ಆಮೇಲೆ ಒಣ ಪದಾರ್ಥ ಬಿಟ್ಟೆ. ಕಳೆದ ವಾರ ಡಾಕ್ಟರ್ ಕೊಟ್ಟ ಕ್ಯಾಲ್ಸಿಯಂ ಮಾತ್ರೆ (ಅದರ ಗಾತ್ರ ನೋಡಿದವರಿಗೇ ಗೊತ್ತು!) ಎದೆಯಲ್ಲಿ ನಿಂತು ನಲವತ್ತು ನಿಮಿಷ ಕಾಡಿತು. ಗುಣಾಕಾರ ಹೇಳಿಕೊಡ್ತಿದ್ದವಳು ಬೋರ್ಡಿನ ಕಡೆ ಮುಖ ಮಾಡಿ ಸುಮ್ಮನೆ ನಿಂತುಬಿಟ್ಟೆ. ಮಕ್ಕಳು ನಾನು ಸಿಟ್ಟಾಗಿದೀನಿ ಅಂದುಕೊಂಡು ತುಂಬಾ ಶಿಸ್ತಾಗಿದ್ದವು ಪಾಪ.

ತೂಕ 54 ಇದ್ದದ್ದು 51.5 ಆಗಿದೆ. ಬೆಳಗಿನ ವಾಂತಿಯಿಂದಾನೋ, ಈ ಕಾಯಿಲೆಯಿಂದಾನೋ ಗೊತ್ತಾಗ್ತಿಲ್ಲ. ಎದೆಯುರಿ ಬೇರೆ. ಹೆರಿಗೆ ಡಾಕ್ಟರ್ ಹತ್ರ ಹೇಳಿದರೆ "ಈ ಕಾಯಿಲೆ ನಾನು ನೋಡಿಲ್ಲ, ನಿಮ್ಮ ಗ್ಯಾಸ್ಟ್ರೋ ಡಾಕ್ಟರನ್ನೇ ಕೇಳಿ" ಅಂದರು. ಗ್ಯಾಸ್ಟ್ರೋ ಡಾಕ್ಟರ್ ಊರಲ್ಲಿಲ್ಲ. ಅವರ ಜಾಗದಲ್ಲಿದ್ದವರು "ಹೆರಿಗೆ ಡಾಕ್ಟರ್ ಒಪ್ಪಿದರೆ ತಗೊಳ್ಳಿ" ಅಂದರು. ಇಬ್ಬರ ನಡುವೆ ಚೆಂಡಾಗಿದೀನಿ. ನಮ್ಮ ಡಾಕ್ಟರ್ ಸಿಗೋಕೆ ಇನ್ನೂ ಒಂಬತ್ತು ದಿನ ಇದೆ.

ಈ ಕಾಯಿಲೆ ಇಟ್ಟುಕೊಂಡು ಹೆತ್ತವರು ಯಾರಾದ್ರೂ ಇದ್ದರೆ ಹೇಳಿ, ನೀವು ಔಷಧಿ ತಗೊಂಡ್ರಾ ಬಿಟ್ರಾ? ನಡುವೆ ತುತ್ತು ಸಿಕ್ಕಿಕೊಂಡರೆ ಬಸುರಿಗೆ ಎಂಡೋಸ್ಕೋಪಿ ಮಾಡ್ತಾರಾ? ಇನ್ನೊಂದು, ರಾತ್ರಿ ಎರಡು ಗಂಟೆಗೆ ಎಚ್ಚರಾದಾಗ ಮಾತ್ರ ಬರೋ ಪ್ರಶ್ನೆ: ಮಗುವಿಗೂ ಇದು ಬರುತ್ತಾ?

---

ಎಡಮಗ್ಗುಲು:

ಅಟ್ಟದ ಮೇಲಿನ ಡಬ್ಬಿ ಕೆಳಗಿಳಿಸು ತಂಗಿ. ಈಗಲೇ ನುಂಗು ಅಂತ ಹೇಳ್ತಿಲ್ಲ. ಕೈಗೆ ಸಿಗೋ ಜಾಗದಲ್ಲಿಡು, ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡು. ಒಂಬತ್ತು ದಿನ ಕಾಯಬೇಡ. "ಬಸುರಿ, ತೂಕ ಇಳೀತಿದೆ, ಮಾತ್ರೆ ಸಿಕ್ಕಿಕೊಳ್ತಿದೆ" ಈ ಮೂರು ಮಾತನ್ನು ಒಂದೇ ಉಸಿರಲ್ಲಿ ಹೇಳಿದರೆ ಫೋನ್ ತಗೊಂಡವರೂ ಎದ್ದು ಕೂರ್ತಾರೆ. ನಾನು ಕಲಿತದ್ದು ಹಾಗೆ.

ನನ್ನ ಮಗಳಿಗೆ ಈಗ ಎರಡೂವರೆ ವರ್ಷ. ನನಗೆ ಈ ಕಾಯಿಲೆ ಗೊತ್ತಾಗಿದ್ದು 29ಕ್ಕೆ, ಬಸುರಿಯಾಗಿದ್ದು 34ಕ್ಕೆ. ನಿನ್ನ ಹಾಗೇ ನಾನೂ ನಿಲ್ಲಿಸಿದ್ದೆ, ಆದರೆ ನನ್ನದು ಇನ್ನೂ ದಡ್ಡತನ. ಮಗು ಬೇಕು ಅಂತ ಯೋಚನೆ ಶುರುವಾದ ತಿಂಗಳೇ ನಿಲ್ಲಿಸಿದೆ. ಬಸುರು ನಿಂತಿದ್ದು ಏಳು ತಿಂಗಳ ಮೇಲೆ. ಅಷ್ಟು ಹೊತ್ತಿಗೆ ಒಳಗೆ ಮತ್ತೆ ಊತ ಕೂತಿತ್ತು. ನಮ್ಮ ಡಾಕ್ಟರಮ್ಮ ಬೈಲಿಲ್ಲ. "ಮಗುವಿಗೆ ನಿಮ್ಮ ಊಟ ಬೇಕು, ನಿಮಗೆ ಊಟ ಇಳಿಯಬೇಕು, ಅದಕ್ಕೆ ದಾರಿ ತೆರೆದಿರಬೇಕು" ಅಂದರು ಅಷ್ಟೇ. ಎಂಟನೇ ವಾರದಿಂದ ಮತ್ತೆ ಶುರುಮಾಡಿದೆ, ಹೆರಿಗೆಯವರೆಗೂ ಬಿಡಲಿಲ್ಲ. ಹಾಲೂಡಿಸುವಾಗಲೂ ತಗೊಂಡೆ.

ಎಂಡೋಸ್ಕೋಪಿ ವಿಷಯ. ನನಗೆ ಆಯ್ತು. 26ನೇ ವಾರ. ಒಂದು ರಾತ್ರಿ ಹಸಿವಿನ ಆತುರಕ್ಕೆ ಮಾಂಸದ ತುಂಡು ಸರಿಯಾಗಿ ಅಗಿಯದೆ ನುಂಗಿದೆ. ನಿಂತುಹೋಯ್ತು. ಮೊದಲು ಹೋದ ಆಸ್ಪತ್ರೆಯ ತುರ್ತು ವಿಭಾಗದಲ್ಲಿ "ಬಸುರಿಯರಿಗೆ ಗ್ಯಾಸ್ ಇರುತ್ತಮ್ಮ, ಬೆಚ್ಚಗೆ ನೀರು ಕುಡಿ, ಇಳಿಯುತ್ತೆ" ಅಂದರು. ಕುಡಿದೆ. ಕುಡಿದ ನೀರು ಕುಡಿದಂತೆಯೇ ವಾಪಸ್ ಬಂತು, ಅವರ ಮೇಜಿನ ಮೇಲೇ. ಪಶ್ಚಾತ್ತಾಪ ಇಲ್ಲ ನನಗೆ.

ಎರಡನೇ ಆಸ್ಪತ್ರೆಯಲ್ಲಿ ಹಳೇ ರಿಪೋರ್ಟಿನ ಫೋಟೋ ಫೋನಲ್ಲಿ ತೋರಿಸಿದ ಮೇಲೆ ಕೆಲಸ ಬೇಗ ಬೇಗ ಆಯ್ತು. ಮೊದಲು ಮಗುವಿನ ಎದೆಬಡಿತ ಕೇಳಿಸಿದರು. ಎಡಮಗ್ಗುಲಿಗೆ ಮಲಗಿಸಿದರು. ಹೊಟ್ಟೆಯ ಭಾರ ಬೆನ್ನಿನ ಹತ್ತಿರದ ದೊಡ್ಡ ರಕ್ತನಾಳದ ಮೇಲೆ ಬೀಳಬಾರದಂತೆ, ಬಿದ್ದರೆ ಮಗುವಿಗೆ ಹೋಗೋ ರಕ್ತ ಕಮ್ಮಿಯಾಗುತ್ತಂತೆ. (ನನ್ನ ಈ ಹೆಸರು ಬಂದಿದ್ದೂ ಅಲ್ಲಿಂದಲೇ.) ನಿದ್ದೆ ಔಷಧಿ ಎಷ್ಟು ಬೇಕೋ ಅಷ್ಟೇ ಕೊಡೋಕೆ ಅರಿವಳಿಕೆ ಡಾಕ್ಟರ್ ಪಕ್ಕದಲ್ಲೇ ನಿಂತಿದ್ದರು. ಕೆಲಸ ಹನ್ನೆರಡು ನಿಮಿಷ. ಮುಗಿದ ಮೇಲೆ ಮತ್ತೆ ಎದೆಬಡಿತ. ಟಕ್ ಟಕ್ ಟಕ್ ಅಂತ ಓಡ್ತಾ ಇತ್ತು, ಇವಳಿಗೆ ಏನೂ ಗೊತ್ತೇ ಇಲ್ಲದ ಹಾಗೆ.

ಸಿಕ್ಕಿಕೊಂಡಾಗ ಮಾಡಬಾರದ್ದು ಒಂದಿದೆ, ನೆನಪಿಟ್ಟುಕೋ. ಬೆರಳು ಹಾಕಿ ವಾಂತಿ ಮಾಡೋಕೆ ಹೋಗಬೇಡ. ನಮ್ಮ ಅನ್ನನಾಳದ ಗೋಡೆ ಊದಿ ಬಿರುಸಾಗಿರುತ್ತೆ, ಜೋರು ಓಕರಿಕೆಗೆ ಹರಿಯೋ ಅಪಾಯ ಇದೆ ಅಂತ ನಮ್ಮ ಡಾಕ್ಟರಮ್ಮ ಎರಡೆರಡು ಸಲ ಹೇಳಿದ್ದರು. ಬೆಳಗಿನ ವಾಂತಿ ಜಾಸ್ತಿ ಇದ್ದರೆ ಅದನ್ನೂ ಸಹಿಸ್ಕೊಂಡು ಕೂರಬೇಡ, ಅದಕ್ಕೆ ಬೇರೆ ಮಾತ್ರೆ ಇದೆ, ಕೇಳು.

ಮಾತ್ರೆಗಳ ವಿಷಯಕ್ಕೆ ಬಂದರೆ, ಬಸುರಿಯರಿಗೆ ಕೊಡೋ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಮಾಡಿದವನಿಗೆ ಅನ್ನನಾಳ ಇಲ್ಲ ಅಂತ ನನ್ನ ಅನುಮಾನ. ಸಿರಪ್ ಕೇಳು, ಚೀಪೋ ಮಾತ್ರೆ ಕೇಳು. ಕಬ್ಬಿಣದ ಮಾತ್ರೆ ಅಲ್ಲೇ ನಿಂತರೆ ಗೋಡೆ ಸುಟ್ಟು ಹುಣ್ಣಾಗುತ್ತೆ.

---

ನೇರನುಡಿ:

ಎಲ್ಲರೂ ಹೀಗೆ ಧೈರ್ಯ ಹೇಳ್ತೀರಿ, ಆಮೇಲೆ ಏನಾದ್ರೂ ಆದರೆ ಯಾರು ಹೊಣೆ? ಸ್ಟೀರಾಯ್ಡ್ ಸ್ಟೀರಾಯ್ಡೇ. ನಮ್ಮ ಅಕ್ಕ ಕೀಲುನೋವಿಗೆ ಅಂತ ತಗೊಂಡು ಮುಖ ಊದಿ, ಶುಗರ್ ಬಂದು, ಪಟ್ಟ ಪಾಡು ನಾವು ಕಣ್ಣಾರೆ ಕಂಡಿದೀವಿ. ಒಂಬತ್ತು ತಿಂಗಳ ಮಾತು ತಾನೇ? ಗಂಜಿ ಥರ ಮೆತ್ತಗೆ ಮಾಡಿಕೊಂಡು ಉಂಡರೆ ಆಯ್ತು. ಔಷಧಿ ಇಲ್ಲದೆ ಹಿಂದಿನವರು ಹೆರಲಿಲ್ವಾ?

---

ಬಿಳಿಕೋಟು:

ನಾನು ಜೀರ್ಣಾಂಗ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ. ಇಲ್ಲಿ ಯಾರಿಗೂ ಔಷಧಿ ಬರೆದುಕೊಡುವುದಿಲ್ಲ, ಡೋಸ್ ಹೇಳುವುದಿಲ್ಲ. ಆದರೆ ನೇರನುಡಿಯವರ ಮಾತಿಗೆ ಸುಮ್ಮನಿದ್ದರೆ ತಪ್ಪಾಗುತ್ತದೆ.

ನಿಮ್ಮ ಅಕ್ಕ ತೆಗೆದುಕೊಂಡದ್ದು ಬಹುಶಃ ಪ್ರೆಡ್ನಿಸೊಲೋನ್ ಥರದ ಮಾತ್ರೆ. ಅದು ರಕ್ತಕ್ಕೆ ಸೇರಿ ಮೈಯೆಲ್ಲ ಓಡಾಡುತ್ತದೆ. ಮುಖ ಊದುವುದು, ಸಕ್ಕರೆ ಏರುವುದು ಅದರಿಂದಲೇ. ಬ್ಯುಡೆಸೊನೈಡ್ ಕೂಡ ಸ್ಟೀರಾಯ್ಡ್ ಹೌದು, ಆದರೆ ಅದು ಕೆಲಸ ಮಾಡುವುದು ತಗುಲಿದ ಜಾಗದಲ್ಲಿ, ಅಂದರೆ ಅನ್ನನಾಳದ ಒಳಮೈಗೆ ಮೆತ್ತಿಕೊಂಡು. ಅದಕ್ಕೇ ಜೇನುತುಪ್ಪದಲ್ಲಿ ಗಟ್ಟಿ ಮಾಡುವುದು, ಅದಕ್ಕೇ ಅರ್ಧ ಗಂಟೆ ನೀರು ಬೇಡ ಅನ್ನುವುದು. ಕೆಳಗಿಳಿದು ಕರುಳಿನಿಂದ ಹೀರಿಕೊಂಡ ಭಾಗ ಮೊದಲು ಯಕೃತ್ತಿಗೆ ಹೋಗುತ್ತದೆ, ಅಲ್ಲಿ ಸುಮಾರು 90% ನಾಶವಾಗುತ್ತದೆ. ಮಿಕ್ಕಿದ್ದು ಸ್ವಲ್ಪ. ಸೊನ್ನೆ ಅಲ್ಲ, ಸ್ವಲ್ಪ. ಬಾಯಿ, ಗಂಟಲಲ್ಲಿ ಬಿಳಿ ಶಿಲೀಂಧ್ರ ಕಾಣಿಸಿಕೊಳ್ಳುವುದು ಇದರ ಸಾಮಾನ್ಯ ತೊಂದರೆ.

'ಸ್ಟೀರಾಯ್ಡ್ ತಗೊಂಡರೆ ಮಗುವಿಗೆ ಸೀಳುತುಟಿ' ಅನ್ನುವ ಭಯ ಹುಟ್ಟಿದ್ದು ಮೈಗೆಲ್ಲ ಹರಡುವ ಸ್ಟೀರಾಯ್ಡ್ ಮಾತ್ರೆಗಳ ಬಗೆಗಿನ ಹಳೆಯ ಅಧ್ಯಯನಗಳಿಂದ. ಬ್ಯುಡೆಸೊನೈಡ್ ವಿಷಯದಲ್ಲಿ ನಮಗೆ ಧೈರ್ಯ ಕೊಡುವುದು ಆಸ್ತಮಾ ಇರುವ ಬಸುರಿಯರು. ಸ್ವೀಡನ್ನಿನ ಜನನ ದಾಖಲೆಗಳಿಂದ 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಸುರಿನ ಮೊದಲ ತಿಂಗಳುಗಳಲ್ಲಿ ಬ್ಯುಡೆಸೊನೈಡ್ ಎಳೆದುಕೊಂಡಿದ್ದ ತಾಯಂದಿರ 2,000ಕ್ಕೂ ಹೆಚ್ಚು ಮಕ್ಕಳನ್ನು ನೋಡಿದರು. ಹುಟ್ಟು ನ್ಯೂನತೆಗಳ ಪ್ರಮಾಣ ಉಳಿದ ಮಕ್ಕಳಲ್ಲಿ ಇದ್ದಷ್ಟೇ ಇತ್ತು. ಎಳೆದುಕೊಳ್ಳುವುದಕ್ಕೂ ನುಂಗುವುದಕ್ಕೂ ವ್ಯತ್ಯಾಸವಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಇದೇ ಔಷಧಿಯನ್ನು ಬಸುರಿಯರು ದಶಕಗಳಿಂದ ಬಳಸುತ್ತ ಬಂದಿದ್ದಾರೆ ಎನ್ನುವುದು ಸಣ್ಣ ವಿಷಯವಲ್ಲ.

ಹಾಗಾದರೆ ಈ ಕಾಯಿಲೆಯವರ ಮೇಲೆಯೇ ದೊಡ್ಡ ಅಧ್ಯಯನ ಯಾಕಿಲ್ಲ? ಒಂದು, ಇದನ್ನು ಪ್ರತ್ಯೇಕ ಕಾಯಿಲೆ ಎಂದು ವೈದ್ಯರು ಗುರುತಿಸಿದ್ದೇ 1993–94ರ ಸುಮಾರಿಗೆ. ಅದಕ್ಕೂ ಮೊದಲು ಇದೆಲ್ಲ ಆಸಿಡ್ ತೊಂದರೆಯ ಲೆಕ್ಕಕ್ಕೆ ಹೋಗುತ್ತಿತ್ತು. ಎರಡು, ಇದು ಗಂಡಸರಲ್ಲಿ ಹೆಂಗಸರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ಮೂರು, ಹೊಸ ಔಷಧಿಗಳ ಪರೀಕ್ಷೆಗಳಿಗೆ ಬಸುರಿಯರನ್ನು ಸೇರಿಸಿಕೊಳ್ಳುವುದಿಲ್ಲ. ಹೀಗೆ ಸೋಸುತ್ತ ಹೋದರೆ ಕೊನೆಗೆ ಉಳಿಯುವುದು ನಿಧಾನದೂಟ ಅವರಂಥ ಕೆಲವೇ ಜನ. ನಿಮ್ಮ ಹೆರಿಗೆ ವೈದ್ಯರು "ನಾನು ನೋಡಿಲ್ಲ" ಅಂದದ್ದು ಪ್ರಾಮಾಣಿಕ ಮಾತು, ಅದಕ್ಕೆ ಬೇಸರಿಸಬೇಡಿ. ಆದರೆ ಇಬ್ಬರೂ ವೈದ್ಯರು ಒಬ್ಬರಿಗೊಬ್ಬರು ಫೋನ್ ಮಾಡಲಿ ಎಂದು ನೀವು ಕೇಳಬಹುದು, ಕೇಳಬೇಕು. ಚೀಟಿ ಹೊತ್ತು ಓಡಾಡುವ ಕೆಲಸ ನಿಮ್ಮದಲ್ಲ.

ಎದೆಯುರಿ ಬೇರೆ, ತುತ್ತು ನಿಲ್ಲುವುದು ಬೇರೆ. ಬಸುರಿಯಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಹೆಚ್ಚಾಗಿ ಅನ್ನನಾಳದ ಕೆಳತುದಿಯ ಸ್ನಾಯು ಸಡಿಲವಾಗುತ್ತದೆ, ಆಸಿಡ್ ಮೇಲೆ ಬರುತ್ತದೆ. ಅದು ಯಾವ ಬಸುರಿಗೂ ಆಗುವಂಥದ್ದು. ಗಟ್ಟಿ ಪದಾರ್ಥ ಎದೆಯಲ್ಲಿ ನಿಲ್ಲುವುದನ್ನು ಮಾತ್ರ 'ಬಸುರಿಯರಿಗೆ ಇದ್ದದ್ದೇ' ಎಂದು ತಳ್ಳಿಹಾಕಬಾರದು. ಒಮೆಪ್ರಜೋಲ್ ಥರದ, ಆಸಿಡ್ ತಗ್ಗಿಸುವ ಮಾತ್ರೆಗಳು ಈ ಕಾಯಿಲೆಗೂ ಔಷಧಿಯೇ, ಕೆಲವರಿಗೆ ಅದೊಂದರಿಂದಲೇ ಊತ ಇಳಿಯುತ್ತದೆ. ಡೆನ್ಮಾರ್ಕಿನಲ್ಲಿ 8 ಲಕ್ಷಕ್ಕೂ ಹೆಚ್ಚು ಜನನಗಳನ್ನು ನೋಡಿದ 2010ರ ಅಧ್ಯಯನದಲ್ಲಿ, ಮೊದಲ ಮೂರು ತಿಂಗಳಲ್ಲಿ ಈ ಗುಂಪಿನ ಮಾತ್ರೆ ತೆಗೆದುಕೊಂಡವರ ಮಕ್ಕಳಲ್ಲಿ ದೊಡ್ಡ ನ್ಯೂನತೆಗಳು ಗಮನಾರ್ಹವಾಗಿ ಹೆಚ್ಚಿದ್ದು ಕಂಡುಬರಲಿಲ್ಲ. ಈ ಮಾತ್ರೆ ತೆಗೆದುಕೊಳ್ಳುವವರಿಗೆ ಕಬ್ಬಿಣ ಹೀರುವುದು ಕಡಿಮೆಯಾಗಬಹುದು, ಕ್ಯಾಲ್ಸಿಯಂ ಕಾರ್ಬೋನೇಟ್‌ಗಿಂತ ಸಿಟ್ರೇಟ್ ಚೆನ್ನಾಗಿ ಹಿಡಿಸುತ್ತದೆ. ಹೆರಿಗೆ ವೈದ್ಯರಿಗೆ ಇದನ್ನು ನೆನಪಿಸಿ.

ಡುಪಿಲುಮ್ಯಾಬ್ ಚುಚ್ಚುಮದ್ದಿನ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಮೆರಿಕದಲ್ಲಿ ಈ ಕಾಯಿಲೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಅದೊಂದು ಪ್ರತಿಕಾಯ, ಎರಡನೇ ಮೂರು ತಿಂಗಳಿನಿಂದ ಮಾಸಿನ ಮೂಲಕ ಮಗುವಿಗೆ ದಾಟುವ ಪ್ರಮಾಣ ಏರುತ್ತ ಹೋಗುತ್ತದೆ. ಅದರ ಮೇಲೆ ಇರುವವರು ಬಸುರಿಯಾಗುವ ಮುಂಚೆಯೇ ವೈದ್ಯರ ಹತ್ತಿರ ಮಾತಾಡುವುದು ಒಳ್ಳೆಯದು.

ಬಸುರಿಯಲ್ಲಿ ಎಂಡೋಸ್ಕೋಪಿ: 'ಹೇಗಿದೆ ನೋಡೋಣ' ಅನ್ನುವಂಥದ್ದನ್ನು ಹೆರಿಗೆಯಾದ ಮೇಲಕ್ಕೆ ಮುಂದೂಡುತ್ತೇವೆ. ಬೇಕೇ ಬೇಕಾದರೆ ನಡುವಿನ ಮೂರು ತಿಂಗಳು ವಾಸಿ. ಆದರೆ ಎಂಜಲೂ ಇಳಿಯದ ಹಾಗೆ ಕಟ್ಟಿಕೊಂಡರೆ ವಾರ ತಿಂಗಳು ಲೆಕ್ಕ ಹಾಕುವ ಹಾಗಿಲ್ಲ, ಆದಷ್ಟೂ 2 ಗಂಟೆಯೊಳಗೆ, ಹೆಚ್ಚೆಂದರೆ 6 ಗಂಟೆಯೊಳಗೆ ತೆಗೆಯಬೇಕು. ಎಡಮಗ್ಗುಲು ಅವರಿಗೆ ಮಾಡಿದ್ದು ಪೂರ್ತಿ ಸರಿಯಾದ ಕ್ರಮ.

ರಾತ್ರಿ ಎರಡು ಗಂಟೆಯ ಪ್ರಶ್ನೆಗೆ: ಮನೆತನದಲ್ಲಿ ಸ್ವಲ್ಪ ಓಡಾಡುತ್ತದೆ, ಆದರೆ ತಾಯಿಗಿದ್ದರೆ ಮಗುವಿಗೆ ಬಂದೇ ಬರುತ್ತದೆ ಅನ್ನುವ ಥರದ ಕಾಯಿಲೆಯಲ್ಲ. ಒಬ್ಬರಿಗಿದ್ದಾಗ ಒಡಹುಟ್ಟಿದವರಲ್ಲಿ ಕಂಡುಬರುವುದು ನೂರಕ್ಕೆ ಎರಡು ಮೂರು ಮಂದಿಗೆ. ಒಂದೇ ಜೀನ್ ಹಂಚಿಕೊಂಡ ತದ್ರೂಪಿ ಅವಳಿಗಳಲ್ಲೂ ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದಿರುವುದೇ ಹೆಚ್ಚು. ಮಗು ಘನ ಆಹಾರ ತಿನ್ನಲು ಕಲಿತ ಮೇಲೆ ಪದೇಪದೇ ಊಟ ಬೇಡವೆಂದರೆ, ವಾಂತಿ ಮಾಡಿದರೆ, ತೂಕ ಏರದಿದ್ದರೆ ನಿಮ್ಮ ಕಾಯಿಲೆಯ ವಿಷಯ ಮಕ್ಕಳ ವೈದ್ಯರಿಗೆ ತಿಳಿಸಿ. ಈಗಿನಿಂದಲೇ ಹೆದರುವ ವಿಷಯವಲ್ಲ.

ಹಿಂದಿನವರು ಹೆತ್ತರು, ನಿಜ. ಅವರಲ್ಲಿ ಎಷ್ಟು ಜನ ಗಂಜಿ ಕುಡಿದೇ ಬದುಕಿದರು, ಯಾಕೆ ಅಂತ ಯಾರೂ ಕೇಳಲಿಲ್ಲ.

---

ನೇರನುಡಿ:

ಸರಿ ಡಾಕ್ಟ್ರೇ. ಅಕ್ಕನದು ಪ್ರೆಡ್ನಿಸೊಲೋನೇ, ಕೇಳಿ ಖಾತ್ರಿ ಮಾಡಿಕೊಂಡೆ. ಎರಡೂ ಬೇರೆ ಅಂತ ಗೊತ್ತಿರಲಿಲ್ಲ. ಮೇಡಂ, ಹೆದರಿಸಿದ್ದರೆ ಕ್ಷಮಿಸಿ.

---

ಹಾಲುಬಿಟ್ಟವಳು:

ನನ್ನದು ಬೇರೆ ದಾರಿ, ಅದಕ್ಕೇ ಬರೀತಿದೀನಿ. ನಾನು ಔಷಧಿ ಇಲ್ಲದೆ ಪಥ್ಯದಲ್ಲೇ ಇದನ್ನು ಹಿಡಿತದಲ್ಲಿ ಇಟ್ಟುಕೊಂಡವಳು. ಮೊದಲು ಹಾಲು, ಗೋಧಿ, ಮೊಟ್ಟೆ, ಸೋಯಾ, ಕಾಯಿಬೀಜಗಳು, ಮೀನು ಅಂತ ಆರೂ ಬಿಟ್ಟು, ಒಂದೊಂದೇ ವಾಪಸ್ ಸೇರಿಸಿ, ಪ್ರತಿ ಸಲಕ್ಕೂ ಎಂಡೋಸ್ಕೋಪಿ. ಒಂದು ವರ್ಷ ಹೋಯ್ತು. ಕೊನೆಗೆ ಕಳ್ಳ ಸಿಕ್ಕಿದ್ದು ಹಾಲು ಒಂದೇ. ಆಮೇಲೆ 2023ರಲ್ಲಿ ಬಂದ ಅಧ್ಯಯನದಲ್ಲಿ ದೊಡ್ಡವರಲ್ಲಿ ಹಾಲೊಂದನ್ನೇ ಬಿಟ್ಟರೂ ಆರು ಬಿಟ್ಟಷ್ಟೇ ಹತ್ತಿರ ಹತ್ತಿರ ಫಲ ಸಿಕ್ಕಿತು ಅಂತ ಓದಿ ತಲೆ ಚಚ್ಚಿಕೊಂಡೆ. ನನ್ನ ಒಂದು ವರ್ಷ!

ಚರ್ಮಕ್ಕೆ ಚುಚ್ಚಿ ನೋಡೋ ಅಲರ್ಜಿ ಪರೀಕ್ಷೆಯಲ್ಲಿ ನನಗೆ ಹಾಲು ಅಂತ ಬಂದೇ ಇರಲಿಲ್ಲ, ಅದನ್ನೂ ಹೇಳ್ತೀನಿ. ಈ ಕಾಯಿಲೆಯಲ್ಲಿ ಆ ಪರೀಕ್ಷೆ ನಂಬಿ ಪಥ್ಯ ಮಾಡಕ್ಕಾಗಲ್ಲ.

ಬಸುರಿಯಾದಾಗ ನಾನು ಹಾಲು ಬಿಟ್ಟೇ ಇದ್ದೆ, ಮುಂದುವರಿಸಿದೆ. ಆದರೆ ಆಹಾರತಜ್ಞೆ ನನ್ನ ಬೆನ್ನು ಬಿಡಲಿಲ್ಲ. ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಎಲ್ಲಿಂದ ಬಂತು ಅಂತ ಲೆಕ್ಕ ಕೊಡಬೇಕಿತ್ತು, ಪರೀಕ್ಷೆಗೆ ಕೂತ ಹಾಗೆ. ಅಯೋಡಿನ್ ಬಗ್ಗೆ ಕೇಳಿದಾಗ ನಾನು ಬ್ಬೆಬ್ಬೆ ಅಂದೆ. ಹಾಲು ಬಿಟ್ಟರೆ ಅದೂ ಕಮ್ಮಿಯಾಗುತ್ತೆ ಅಂತ ಯಾರು ಕನಸು ಕಂಡಿದ್ದರು?

ನಿಧಾನದೂಟ, ನೀವು ಔಷಧಿ ಬಿಟ್ಟಿದೀನಿ ಅಂತ ಈಗ ಹೊಸದಾಗಿ ಪಥ್ಯ ಶುರು ಮಾಡಬೇಡಿ. ನನಗೆ ಇಬ್ಬರು ಡಾಕ್ಟರೂ ಹೇಳಿದ್ದು ಅದನ್ನೇ: ಮೊದಲೇ ಪಥ್ಯದಲ್ಲಿ ನೆಲೆ ನಿಂತವರು ಮುಂದುವರಿಸಬಹುದು, ಎರಡು ಜೀವದ ಹೊತ್ತಲ್ಲಿ ಏನು ಬಿಟ್ಟರೆ ಏನಾಗುತ್ತೆ ಅಂತ ಪರೀಕ್ಷೆ ಮಾಡಬಾರದು. ಪಥ್ಯ ಸರಿಹೋಯ್ತಾ ಅಂತ ತಿಳಿಯೋಕೂ ಎಂಡೋಸ್ಕೋಪಿನೇ ಬೇಕಲ್ಲ, ಅದನ್ನು ಈಗ ಮಾಡಲ್ಲ. ತೂಕ ಬೇರೆ ಇಳಿದಿದೆ ನಿಮ್ಮದು.

---

ನಿಧಾನದೂಟ:

ಎಲ್ಲರಿಗೂ ಒಟ್ಟಿಗೆ ಬರೀತಿದೀನಿ. ಡಬ್ಬಿ ಕೆಳಗಿಳಿಸಿದೆ ಅಕ್ಕ. ಮೇಲೆ ದೂಳು ಕೂತಿತ್ತು, ಆರೇ ವಾರಕ್ಕೆ.

ಮೂರು ಮಾತು ಒಂದೇ ಉಸಿರಲ್ಲಿ ಹೇಳಿದೆ. ಮರುದಿನವೇ ಸಮಯ ಸಿಕ್ಕಿತು! ಅಲ್ಲಿದ್ದ ಗ್ಯಾಸ್ಟ್ರೋ ಡಾಕ್ಟರ್ ನನ್ನ ಎದುರಿಗೇ ಹೆರಿಗೆ ಡಾಕ್ಟರಿಗೆ ಫೋನ್ ಮಾಡಿದರು. ನಾಲ್ಕು ನಿಮಿಷದ ಮಾತು. ಅಷ್ಟಕ್ಕೆ ನಾನು ಎಷ್ಟು ರಾತ್ರಿ ಎದ್ದು ಕೂತಿದ್ದೆ.

ಬ್ಯುಡೆಸೊನೈಡ್ ಮತ್ತೆ ಶುರು, ಹಳೇ ಪ್ರಮಾಣವೇ. ಎದೆಯುರಿಗೆ ಒಮೆಪ್ರಜೋಲ್. ವಾಂತಿಗೆ ಡಾಕ್ಸಿಲಮೀನ್ ಮತ್ತು ಬಿ6 ಸೇರಿದ ಮಾತ್ರೆ, ಅದು ಚಿಕ್ಕದು, ಸಲೀಸಾಗಿ ಇಳಿಯುತ್ತೆ. ಫೋಲಿಕ್ ಆಸಿಡ್ ಮೊದಲಿಂದಲೂ ಚಿಕ್ಕದೇ. ಕಬ್ಬಿಣ ಸಿರಪ್ ಆಯ್ತು, ಕ್ಯಾಲ್ಸಿಯಂ ಚೀಪೋದು, ಸಿಟ್ರೇಟು. ಕಾರ್ಬೋನೇಟ್ ಬದಲು ಸಿಟ್ರೇಟ್ ಅಂತ ನಾನೇ ಬಾಯಿಬಿಟ್ಟಾಗ ಹೆರಿಗೆ ಡಾಕ್ಟರ್ ಕನ್ನಡಕದ ಮೇಲಿಂದ ನೋಡಿದರು. ಬಿಳಿಕೋಟು ಅವರೇ, ಆ ಅಂಕ ನಿಮಗೆ ಸೇರಬೇಕು.

ನನಗೆ ಬೇಜಾರಾಗಿದ್ದು ಒಂದೇ. ನಿಲ್ಲಿಸೋ ಮೊದಲು ಒಂದು ಫೋನ್ ಮಾಡಬಹುದಿತ್ತು. ಡಾಕ್ಟರ್ ಕೂಡ ಬೈಲಿಲ್ಲ, "ಯಾರು ನಿಲ್ಲಿಸಿ ಅಂದಿದ್ದು?" ಅಂತ ಮಾತ್ರ ಕೇಳಿದರು. ನಾನೇ ಅಂದೆ. "ಹಾಗಾದರೆ ಅವರ ಹತ್ರ ಇನ್ಮೇಲೆ ಸಲಹೆ ಕೇಳಬೇಡಿ" ಅಂದರು.

---

ಎಡಮಗ್ಗುಲು:

ನಿಮ್ಮ ಡಾಕ್ಟರ್ ನನಗೆ ಇಷ್ಟ ಆದರು.

ಒಂದು ಮರೆತಿದ್ದೆ. ಹೆರಿಗೆ ಫೈಲಿನ ಮೊದಲ ಪುಟದಲ್ಲೇ ಕಾಯಿಲೆ ಹೆಸರು, ಔಷಧಿ, ಹಿಂದೆ ತುತ್ತು ಸಿಕ್ಕಿಕೊಂಡ ದಿನಾಂಕ ಬರೆಸಿಬಿಡು. ಅರಿವಳಿಕೆ ಡಾಕ್ಟರಿಗೆ ಹೆರಿಗೆ ದಿನ ಗಾಬರಿಯಲ್ಲಿ ಹೇಳೋದಕ್ಕಿಂತ ಮೊದಲೇ ಗೊತ್ತಿರಲಿ. ಈ ಕಾಯಿಲೆ ಇದೆ ಅನ್ನೋ ಒಂದೇ ಕಾರಣಕ್ಕೆ ಸಿಸೇರಿಯನ್ ಅಂತ ಯಾರಾದ್ರೂ ಹೇಳಿದರೆ 'ಯಾಕೆ' ಅಂತ ಕೇಳು. ನನಗೆ ಸಹಜ ಹೆರಿಗೆಯೇ ಆಯ್ತು. ಅನ್ನನಾಳಕ್ಕೂ ಅದಕ್ಕೂ ದಾರಿ ಬೇರೆ ಬೇರೆ ಕಣಮ್ಮ.

---

ನಿಧಾನದೂಟ:

21ನೇ ವಾರ. ಯಾರಾದ್ರೂ ಇನ್ನೂ ಇದನ್ನು ಓದ್ತಿದ್ದರೆ ಇರಲಿ ಅಂತ ಬರೀತಿದೀನಿ.

ಶುರುಮಾಡಿ ಮೂರನೇ ವಾರದಲ್ಲಿ ನೀರಿನ ಲೋಟ ದೂರ ಹೋಯ್ತು. ಐದನೇ ವಾರಕ್ಕೆ ಮೆತ್ತನೆಯ ಊಟ ಬಿಟ್ಟು ಎಲ್ಲರ ಊಟ. ತೂಕ 56.8. ಒಂದು ಸಲ ಮಾತ್ರ ನಾಲಿಗೆ ಮೇಲೆ ಬಿಳಿ ಬಿಳಿ ಆಗಿ, ನೆಕ್ಕಿದ ಅರ್ಧ ಗಂಟೆ ಮೇಲೆ ಬಾಯಿ ಮುಕ್ಕಳಿಸೋದನ್ನು ಮರೆಯಬೇಡಿ ಅಂತ ಹೇಳಿಸಿಕೊಂಡು ಬಂದೆ. ಮುಕ್ಕಳಿಸಿ ಉಗುಳಬೇಕು, ನುಂಗೋದಲ್ಲ. ನಾನು ಇಷ್ಟು ವರ್ಷ ನುಂಗ್ತಾ ಇದ್ದೆ.

ಸ್ಕ್ಯಾನಿಂಗಲ್ಲಿ ಮಗು ಏನನ್ನೋ ನುಂಗ್ತಾ ಇತ್ತು. ಗರ್ಭದ ನೀರು ನುಂಗುತ್ತೆ, ಎಲ್ಲ ಮಕ್ಕಳೂ ನುಂಗುತ್ತವೆ ಅಂದರು ಸ್ಕ್ಯಾನ್ ಮಾಡ್ತಿದ್ದ ಡಾಕ್ಟರಮ್ಮ. ನಾನು ಇನ್ನೊಂದು ಸಲ ತೋರಿಸಿ ಅಂದೆ. ತೋರಿಸಿದರು. ಗುಟುಕು, ಮತ್ತೊಂದು ಗುಟುಕು. ಎಲ್ಲೂ ನಿಲ್ಲಲಿಲ್ಲ.

ಈಗ ಹೊಸ ತಲೆನೋವು. ಕಬ್ಬಿಣದ ಸಿರಪ್‌ಗೆ ಹಲ್ಲು ಕಪ್ಪಗಾಗ್ತಿದೆ. ಮಕ್ಕಳು ದಿನಾ ಕೇಳ್ತವೆ, ಮಿಸ್ ಏನು ತಿಂದ್ರಿ ಅಂತ. ಏನು ಮಾಡೋದು?

---

ಹಾಲುಬಿಟ್ಟವಳು:

ಸ್ಟ್ರಾ ಹಾಕಿ ನಾಲಿಗೆ ಹಿಂದಕ್ಕೆ ಎಳ್ಕೊಳ್ಳಿ, ತಕ್ಷಣ ಹಲ್ಲುಜ್ಜಿ. ಹತ್ತು ದಿನಕ್ಕೆ ಮಾಮೂಲಿಯಾಯ್ತು ನನಗೆ.